ಇಸ್ತ್ರಿಪೆಟ್ಟಿಗೆಯಿಂದ ಬಂದ ಶಾಖ

ಅಮೆರಿಕದ ಉತ್ತರ ಡಕೋಟಾ ರಾಜ್ಯದ ಮಟ್ಟಿಗೆ 1936 ಮರೆಯಲಾಗದ ವರ್ಷ. ಆ ವರ್ಷದ ಫೆಬ್ರುವರಿ 15ರಂದು ಪಾರ್ಷಲ್ ಎಂಬ ಊರಿನಲ್ಲಿ ಉಷ್ಣಾಂಶ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಪಾದರಸವೇ ಹೆಪ್ಪುಗಟ್ಟುವ ಚಳಿ ಅದು. ಐದು ತಿಂಗಳು ತುಂಬುವ ಮೊದಲೇ, ಜುಲೈ 6ರಂದು, ಅದೇ ರಾಜ್ಯದ ಸ್ಟೀಲ್ ಎಂಬಲ್ಲಿ ಉಷ್ಣಾಂಶ 49 ಡಿಗ್ರಿಗೆ ಏರಿತು. ಒಂದೇ ವರ್ಷದಲ್ಲಿ ನೂರು ಡಿಗ್ರಿಗಳ ಅಂತರ!

ಇಂಥ ಬಯಲಿನಲ್ಲಿ ಗೋಧಿ ಬೆಳೆಯುತ್ತಿದ್ದ ರೈತರ ಮನೆಗಳು ಒಂದಕ್ಕೊಂದು ದೂರ. ಪೇಟೆ, ಶಾಲೆ, ವೈದ್ಯರು ಇನ್ನೂ ದೂರ. ಕುದುರೆ ಗಾಡಿಯ ಕಾಲ ಮುಗಿಯುತ್ತ ಬಂದಿತ್ತು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಪ್ರಸಿದ್ಧ 'ಮಾಡೆಲ್ ಟಿ' ಕಾರಿನ ಹಿಂಬದಿಗೆ ಸಾಮಾನು ಹೇರುವ ತೆರೆದ ಪೆಟ್ಟಿಗೆ ಜೋಡಿಸಿ 281 ಡಾಲರ್‌ಗೆ ಮಾರತೊಡಗಿತು. ಪಿಕಪ್ ಟ್ರಕ್ ರೈತನ ಅಂಗಳಕ್ಕೆ ಬಂದದ್ದು ಹೀಗೆ. ಆದರೆ ಕುದುರೆಗೂ ಟ್ರಕ್ಕಿಗೂ ಒಂದು ವ್ಯತ್ಯಾಸವಿತ್ತು. ಎಂಥ ಚಳಿಯ ಬೆಳಗಿನಲ್ಲೂ ಕುದುರೆ ಎದ್ದು ನಿಲ್ಲುತ್ತಿತ್ತು, ಟ್ರಕ್ ಏಳುತ್ತಿರಲಿಲ್ಲ.

ಏಕೆ? ಚಳಿಗಾಲದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆ ಸೀಸೆಯಲ್ಲೇ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಕೊರೆಯುವ ಚಳಿಯಲ್ಲಿ ಎಂಜಿನ್ ಆಯಿಲ್ ಕೂಡ ಮಂದವಾಗಿ, ಜಾರಬೇಕಾದ ಭಾಗಗಳನ್ನು ಅಂಟಿಸಿ ಹಿಡಿಯುತ್ತದೆ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಕಿಡಿ ಹತ್ತುವುದಿಲ್ಲ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುವುದರಿಂದ, ಹೆಚ್ಚು ಶಕ್ತಿ ಬೇಕಾದ ಹೊತ್ತಿಗೇ ಅದರ ಶಕ್ತಿ ಕುಂದಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯ ನೀರಿನದು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಎಂಜಿನ್ ತಂಪಾಗಿಡಲು ತುಂಬಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಎರಕದ ಕಬ್ಬಿಣದ ಎಂಜಿನ್ನೇ ಸೀಳಿಹೋಗಬಹುದು.

ಹಾಗಾಗಿ ಟ್ರಕ್ಕನ್ನು ಮಲಗಿಸುವುದೇ ಒಂದು ಕೆಲಸವಾಯಿತು. ರಾತ್ರಿ ರೇಡಿಯೇಟರಿನ ನೀರನ್ನು ಪೂರ್ತಿ ಬಸಿಯಬೇಕು. ಎಂಜಿನ್ ಆಯಿಲನ್ನೂ ಬಸಿದು ಮನೆಯೊಳಗೆ ಒಲೆಯ ಬಳಿ ಇಡಬೇಕು. ಬೆಳಿಗ್ಗೆ ಬೆಚ್ಚಗಿನ ಆಯಿಲನ್ನೂ ಕಾಯಿಸಿದ ನೀರನ್ನೂ ಮತ್ತೆ ತುಂಬಿ, ಹಿಂದಿನ ಚಕ್ರವೊಂದನ್ನು ಜಾಕ್ ಕೊಟ್ಟು ಮೇಲೆತ್ತಿ, ಹ್ಯಾಂಡಲ್ ತಿರುಗಿಸಬೇಕು. ಕೆಲವರು ಎಂಜಿನ್ನಿನ ಅಡಿಯಲ್ಲಿ ಕೆಂಡದ ತಟ್ಟೆ ಇಡುತ್ತಿದ್ದರು. ಪೆಟ್ರೋಲ್ ಇರುವ ಕಡೆ ಬೆಂಕಿ ಇಡುವುದೆಂದರೆ ಟ್ರಕ್ಕಿನ ಜೊತೆ ಕೊಟ್ಟಿಗೆಯನ್ನೂ ಪಣಕ್ಕೊಡ್ಡಿದಂತೆ. ಆದರೂ ಇಟ್ಟರು, ಬೇರೆ ದಾರಿಯಿರಲಿಲ್ಲ.

ನೀರಿನ ಸಮಸ್ಯೆಗೆ ಉತ್ತರ ರಸಾಯನಶಾಸ್ತ್ರದಿಂದ ಬಂತು. ಮೊದಲು ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಎಂಜಿನ್ ಬಿಸಿಯಾದಂತೆ ಅದು ಆವಿಯಾಗಿ ಹೋಗುತ್ತಿತ್ತು. 1927ರಲ್ಲಿ 'ಪ್ರೆಸ್ಟೋನ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟುವುದನ್ನೂ ತಡೆಯಿತು, ಬೇಗ ಆವಿಯಾಗಲೂ ಇಲ್ಲ. ಎಂಜಿನ್ ಸೀಳುವ ಭಯ ತಗ್ಗಿತು. ಆದರೆ ಅದನ್ನು ಎಬ್ಬಿಸುವ ಕಷ್ಟ ಹಾಗೆಯೇ ಉಳಿಯಿತು.

ಎಂಜಿನ್ ಎದ್ದರೂ ಒಳಗೆ ಕುಳಿತವರ ಪಾಡೇನು? ಆರಂಭದ ಪಿಕಪ್‌ಗಳ ಪಕ್ಕಗಳಿಗೆ ಗಾಜಿರಲಿಲ್ಲ, ಪರದೆ ಮಾತ್ರ. ಕಂಬಳಿ ಹೊದ್ದು, ಕಾಯಿಸಿದ ಇಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಹೊರಡುತ್ತಿದ್ದರು. ಮುಚ್ಚಿದ ಕ್ಯಾಬಿನ್ ಬಂದ ಮೇಲೆ, ಹೊಗೆಕೊಳವೆಯ ಸುತ್ತ ಹರಿದು ಬಿಸಿಯಾದ ಗಾಳಿಯನ್ನು ಒಳಗೆ ಬಿಡುವ ವ್ಯವಸ್ಥೆ ಬಂತು. ಆ ಕೊಳವೆ ಬಿರುಕುಬಿಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷವೂ ಒಳಗೆ ಬರುತ್ತಿತ್ತು. ಕ್ರಮೇಣ ಎಂಜಿನ್ನಿನ ಬಿಸಿನೀರನ್ನೇ ಚಿಕ್ಕ ರೇಡಿಯೇಟರಿನಲ್ಲಿ ಹರಿಸಿ, ಫ್ಯಾನಿನಿಂದ ಶಾಖವನ್ನು ಕ್ಯಾಬಿನ್ನಿಗೆ ತಳ್ಳುವ ಹೀಟರ್ ರೂಢಿಗೆ ಬಂತು. ಎಂಜಿನ್ ಹೊರಗೆ ಚೆಲ್ಲುವ ಶಾಖವೇ ಮನುಷ್ಯನನ್ನು ಕಾಯಿತು. ಆದರೆ ಇದರಲ್ಲೊಂದು ತೊಡಕು: ಎಂಜಿನ್ ಬಿಸಿಯಾಗುವವರೆಗೆ ಕ್ಯಾಬಿನ್ ಬೆಚ್ಚಗಾಗದು. ಅಂದರೆ ಮನುಷ್ಯನ ಚಳಿ ಬಿಡಿಸಲು ಮೊದಲು ಎಂಜಿನ್ನಿನ ಚಳಿ ಬಿಡಿಸಬೇಕು.

ಆ ಉಪಾಯ ಬಂದದ್ದು ಮೋಟಾರು ಕಾರ್ಖಾನೆಯಿಂದಲ್ಲ, ವಿದ್ಯುತ್ ಸಂಸ್ಥೆಯ ಕಡೆಯಿಂದ. 1930ರ ದಶಕದ ನಡುವಿನವರೆಗೂ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ವಿರಳ ಮನೆಗಳಿಗೆ ತಂತಿ ಎಳೆದರೆ ಗಿಟ್ಟದೆಂದು ಖಾಸಗಿ ಕಂಪನಿಗಳು ಹಿಂಜರಿದಿದ್ದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಅದರ ಸಾಲ ಪಡೆದು ರೈತರು ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಕಂಬ ನೆಟ್ಟರು. ಅಂಥ ಸಂಘಗಳಿಗೆ ವಿದ್ಯುತ್ ಒದಗಿಸಲು ಗ್ರಾಂಡ್ ಫೋರ್ಕ್ಸ್ ನಗರದಲ್ಲಿ 1940ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಮಿಂಕೋಟಾ. ಅದರ ವ್ಯವಸ್ಥಾಪಕ ಆಂಡ್ರೂ ಫ್ರೀಮನ್ ವಿದ್ಯುತ್ ಎಂಜಿನಿಯರ್.

ಫ್ರೀಮನ್ ಗುಜರಿ ತಾಮ್ರದ ಕೊಳವೆಯನ್ನೂ ಹಳೆಯ ಇಸ್ತ್ರಿಪೆಟ್ಟಿಗೆಯ ಕಾಯಿಲನ್ನೂ ಕೂಡಿಸಿ ಒಂದು ಸಾಧನ ಮಾಡಿದರು. ಎಂಜಿನ್ನಿನ ತಲೆಭಾಗವನ್ನು ಬಿಗಿದಿರುವ ಬೋಲ್ಟುಗಳಲ್ಲಿ ಒಂದನ್ನು ಬಿಚ್ಚಿ, ಆ ಜಾಗದಲ್ಲಿ ಕಾಯುವ ಬೋಲ್ಟನ್ನು ಕೂರಿಸುವುದು. ಅದರ ವೈರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸುವುದು. ಇಷ್ಟೇ. ಎಂಜಿನ್ ಬೆಚ್ಚಗಿದ್ದರೆ ಬೆಳಿಗ್ಗೆ ಟ್ರಕ್ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು, ಕ್ಯಾಬಿನ್ನೂ ಬೇಗ ಬೆಚ್ಚಗಾಗುತ್ತಿತ್ತು. 1949ರ ನವೆಂಬರ್ 8ರಂದು ಇದಕ್ಕೆ ಪೇಟೆಂಟ್ ದೊರೆಯಿತು. ಆ ತಂತಿ ಅಂಗಳ ತಲುಪುವ ಮೊದಲು ಈ ಸಾಧನದಿಂದ ರೈತನಿಗೆ ಉಪಯೋಗವಿರಲಿಲ್ಲ. ಟ್ರಕ್ಕಿನ ಚಳಿ ಬಿಡಿಸಿದ್ದು ಬೋಲ್ಟಿನಷ್ಟೇ ಆ ಕಂಬಗಳು ಕೂಡ.

ಮುಂದೆ ಬೋಲ್ಟಿನ ಬದಲು ಎಂಜಿನ್ನಿನ ದ್ರವದಲ್ಲೇ ಮುಳುಗಿರುವ ಕಾಯಿಲುಗಳು ಬಂದವು. ಕೆನಡಾದ ವಿನಿಪೆಗ್ ಮುಂತಾದ ನಗರಗಳಲ್ಲಿ ವಾಹನದ ಮೂತಿಯಿಂದ ಪ್ಲಗ್ ಜೋತುಬಿದ್ದಿರುವುದು, ನಿಲುಗಡೆಯ ಜಾಗದಲ್ಲಿ ಸಾಲಾಗಿ ವಿದ್ಯುತ್ ಕಂಬಗಳಿರುವುದು ಯಾರಿಗೂ ವಿಶೇಷವಲ್ಲ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಈ ಪ್ಲಗ್ಗಿಗೆ ಇನ್ನೊಂದು ಹೊಣೆಯೂ ಬಿತ್ತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ವಿಷಗಾಳಿಯನ್ನು ಹೆಚ್ಚು ಉಗುಳುತ್ತದೆ. ಚಳಿಗಾಲದಲ್ಲಿ ಅದು ಊರ ಮೇಲೆಯೇ ಕವಿದು ನಿಲ್ಲುತ್ತಿತ್ತು. ಎಂಜಿನ್ ಕಾಯಿಸಿ ಹೊರಡಿರೆಂದು ಅಲ್ಲಿ ಪ್ರಚಾರವೇ ನಡೆಯಿತು.

2022ರಲ್ಲಿ ಫೋರ್ಡ್ ಕಂಪನಿ ಬ್ಯಾಟರಿಯಿಂದ ಓಡುವ ಪಿಕಪ್ಪನ್ನೂ ಮಾರುಕಟ್ಟೆಗೆ ಬಿಟ್ಟಿತು. ಅದರಲ್ಲಿ ಚೆಲ್ಲಿಹೋಗುವ ಶಾಖ ಕಡಿಮೆ. ಆದ್ದರಿಂದ ಕ್ಯಾಬಿನ್ ಬೆಚ್ಚಗಿಡಲು ಓಟಕ್ಕೆಂದು ಕೂಡಿಟ್ಟ ವಿದ್ಯುತ್ತನ್ನೇ ಖರ್ಚು ಮಾಡಬೇಕು. ಚಳಿಗಾಲದಲ್ಲಿ ಅದು ಕ್ರಮಿಸುವ ದೂರ ತಗ್ಗುತ್ತದೆ. ಇದಕ್ಕೆ ಸಿಕ್ಕ ಪರಿಹಾರಗಳಲ್ಲಿ ಒಂದು, ಹೊರಡುವ ಮುನ್ನ ಮನೆಯ ಪ್ಲಗ್ಗಿನಿಂದಲೇ ಬ್ಯಾಟರಿಯನ್ನೂ ಕ್ಯಾಬಿನ್ನನ್ನೂ ಬೆಚ್ಚಗೆ ಮಾಡಿಕೊಳ್ಳುವುದು. ಎಂಜಿನ್ ಹೋದರೂ ಅಂಗಳದ ಪ್ಲಗ್ಗಿನ ಕೆಲಸ ಮುಗಿದಿಲ್ಲ.