ಕ್ಷುಧೆಯ ನಡುಕ ಮತ್ತು ಅನ್ನಪಾನ ನಿರೋಧ

ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ. ಶೀತ, ಉಷ್ಣ, ದಂಶಮಶಕಾದಿಗಳಿಗಿಂತ ಮುಂಚೆಯೇ ತತ್ತ್ವಾರ್ಥಸೂತ್ರಕಾರರು ಹಸಿವು ಬಾಯಾರಿಕೆಗಳನ್ನು ಹೆಸರಿಸಿದ್ದಾರೆ. ಊಟದ ಹೊತ್ತು ಮೀರಿದಾಗ ಕೈಬೆರಳು ನಡುಗುವುದು, ತಣ್ಣನೆಯ ಬೆವರು ಒಡೆಯುವುದು, ಎದೆ ಬಡಿದುಕೊಳ್ಳುವುದು, ಕಾರಣವಿಲ್ಲದೆ ಸಿಟ್ಟು ಬರುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಅನಶನವನ್ನು ಬಾಹ್ಯ ತಪಸ್ಸಿನ ಮೊದಲ ಅಂಗವಾಗಿ ಪೂಜ್ಯಭಾವದಿಂದ ಕಾಣುವ ಸಮಾಜವು ಈ ನಡುಕವನ್ನು ಹೇಗೆ ಕಂಡಿತು? ಅದನ್ನು ದೌರ್ಬಲ್ಯವೆಂದು ಹಳಿಯಿತೇ, ಅಥವಾ ದೇಹಧರ್ಮವೆಂದು ಅರಿತು ನಡೆಯಿತೇ? ಇದು ಇತಿಹಾಸವನ್ನು ಕೇಳಬೇಕಾದ ಪ್ರಶ್ನೆ.

ಕ್ರಿ.ಶ. 941ರಲ್ಲಿ ಪಂಪನು ಕನ್ನಡಕ್ಕೆ ತಂದ ಆದಿಪುರಾಣದ ಕಥೆಯೇ ಮೊದಲ ಸಾಕ್ಷಿ. ವೃಷಭದೇವರೊಡನೆ ನಾಲ್ಕು ಸಾವಿರ ಅರಸರು ದೀಕ್ಷೆ ಪಡೆದರು. ಸ್ವಾಮಿಯು ಆರು ತಿಂಗಳು ಕಾಯೋತ್ಸರ್ಗದಲ್ಲಿ ನಿಂತಾಗ ಅವರಿಗೆ ಹಸಿವನ್ನು ತಡೆಯಲಾಗಲಿಲ್ಲ. ಕಾಡಿನ ಹಣ್ಣು ಬೇರುಗಳಿಗೆ ಕೈಚಾಚಿದರು. ಗುರುವಿನ ಮೇಲಣ ಪ್ರೀತಿಯಿಂದ ಹೊರಟವರು ಅವರು, ತಮ್ಮ ಶಕ್ತಿಯನ್ನು ಅಳೆದು ಹೊರಟವರಲ್ಲ. ಮುಂದೆ ಸ್ವಾಮಿಯು ಆಹಾರಕ್ಕಾಗಿ ಸಂಚರಿಸಿದಾಗ ಜನರು ರತ್ನಗಳನ್ನೂ ಆನೆ ಕುದುರೆಗಳನ್ನೂ ಒಡ್ಡಿದರೇ ಹೊರತು ಅನ್ನ ನೀಡುವ ವಿಧಿ ಒಬ್ಬರಿಗೂ ತಿಳಿದಿರಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯ. ಈ ಯುಗದ ಮೊದಲ ಆಹಾರದಾನವು ಹಸಿದ ದೇಹಕ್ಕೆ ಕೂಡಲೇ ಹಿಡಿಯುವ ಇಕ್ಷುರಸವಾಗಿತ್ತೆಂಬುದು ಗಮನಾರ್ಹ.

ಎರಡನೆಯ ಸಾಕ್ಷಿ ಸಮಂತಭದ್ರಾಚಾರ್ಯರ ಚರಿತ್ರೆ. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕ ರೋಗ ಅವರಿಗೆ ತಗುಲಿತೆಂದೂ, ಮುನಿಚರ್ಯೆಯ ಒಂದು ಹೊತ್ತಿನ ಆಹಾರದಿಂದ ದೇಹ ನಿಲ್ಲದೆ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ ದೇವಚಂದ್ರನ ರಾಜಾವಳೀಕಥೆ ಮೊದಲಾದ ಗ್ರಂಥಗಳು ತಿಳಿಸುತ್ತವೆ. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ಹೊಟ್ಟೆ ತುಂಬ ಉಂಡು ರೋಗವನ್ನು ನೀಗಿಕೊಂಡು ಮತ್ತೆ ದೀಕ್ಷೆ ಪಡೆಯಬೇಕೆಂದು ಅಪ್ಪಣೆ ಮಾಡಿದರು. ಆಚಾರ್ಯರು ಅಂತೆಯೇ ನಡೆದರು. ಆ ಪ್ರಸಂಗ ನಡೆದ ಊರು ಕಾಂಚಿಯೆಂದೂ ವಾರಾಣಸಿಯೆಂದೂ ಕಥಾಂತರಗಳಿವೆ. ಗುರುವಿನ ತೀರ್ಮಾನದಲ್ಲಿ ಮಾತ್ರ ಭೇದವಿಲ್ಲ. ಪರಿಹಾರವಿರುವ ರೋಗಕ್ಕೆ ಪರಿಹಾರವೇ ಧರ್ಮ. ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನವನ್ನು ಹೇಳುವಾಗ ಪ್ರತೀಕಾರವಿಲ್ಲದ ಸಂಕಟಗಳನ್ನು ಮಾತ್ರ ಎಣಿಸುತ್ತದೆ.

ಇನ್ನು ಈ ನಾಡಿನ ನೆಲಕ್ಕೆ ಬರೋಣ. ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡ ಭದ್ರಬಾಹು ಸ್ವಾಮಿಗಳೊಡನೆ ಸಂಘವು ದಕ್ಷಿಣಕ್ಕೆ ಬಂದಿತೆಂಬುದು, ಚಂದ್ರಗುಪ್ತ ಮೌರ್ಯನು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಮಾಧಿ ಹೊಂದಿದನೆಂಬುದು ಜೈನ ಪರಂಪರೆಯ ನಂಬಿಕೆ. ಆತನ ಮೊಮ್ಮಗ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯತೆ, ಸತ್ಯವಚನ, ಗುರುಗೌರವಗಳೊಡನೆ ಜೀವಿಗಳಲ್ಲಿ ದಯೆಯೂ ಇರಬೇಕೆಂದು ಆ ಬಂಡೆ ಸಾರುತ್ತದೆ. ದಯೆಯ ಮಾತು ಕೆತ್ತಿದ ಈ ಸೀಮೆಯೇ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ನವಣೆ, ಸಜ್ಜೆ, ರಾಗಿ ಬೆಳೆದು ಕುರಿ ಕಾಯುವ ಚಳ್ಳಕೆರೆ ಮೊಳಕಾಲ್ಮೂರಿನ ಜನರಿಗೆ ಮಳೆ ತಪ್ಪಿದ ವರ್ಷಗಳಲ್ಲಿ ಉಪವಾಸವು ವ್ರತವಾಗಿ ಬರುವುದಿಲ್ಲ, ಬರವಾಗಿ ಬರುತ್ತದೆ.

ಅಂತಹ ಬರಗಳಲ್ಲಿ ಭೀಕರವಾದುದು 1876-78ರ ಧಾತು ಈಶ್ವರ ಸಂವತ್ಸರಗಳ ಬರ. ಮೈಸೂರು ಸೀಮೆಯು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಮೊಳಕಾಲ್ಮೂರಿನ ಗಡಿಗೆ ತಾಗಿದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ, ಪರಿಹಾರ ಕಾಮಗಾರಿಯಲ್ಲಿ ಕಲ್ಲುಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯದ ಬೆಲೆಯೂ ಮೇಲೆ ಒಂದಿಷ್ಟು ಚಿಲ್ಲರೆ ಕಾಸೂ ಕೂಲಿಯೆಂದು ಗೊತ್ತಾಯಿತು. ಬೊಕ್ಕಸದ ಮಿತವ್ಯಯವೇ ಅದರ ಉದ್ದೇಶ. ದುಡಿಯುವ ದೇಹ ಇಷ್ಟರಲ್ಲಿ ನಿಲ್ಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು, ಕೆಲವು ತಿಂಗಳ ಬಳಿಕ ಕೂಲಿಯ ಪ್ರಮಾಣ ಏರಿತು. ಲೆಕ್ಕದ ಪುಸ್ತಕದಲ್ಲಿ ಉಳಿತಾಯವಾಗಿ ಕಂಡದ್ದು ಕಾಮಗಾರಿಯ ಸಾಲಿನಲ್ಲಿ ನಡುಗುವ ಕಾಲುಗಳಾಗಿತ್ತು. ವ್ಯಾಪಾರ ನಡೆಸುವವರೆಲ್ಲರೂ ನೆನಪಿಡಬೇಕಾದ ಪಾಠವಿದು.

ಆ ನಡುಕದ ಕಾರಣವನ್ನು ಇಂದಿನ ವೈದ್ಯಶಾಸ್ತ್ರ ವಿವರಿಸಬಲ್ಲದು. ಮೆದುಳಿಗೆ ರಕ್ತದಲ್ಲಿರುವ ಸಕ್ಕರೆಯೇ ಮುಖ್ಯ ಇಂಧನ. ಉಂಡದ್ದರ ಒಂದು ಪಾಲನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ಊಟವಿಲ್ಲದ ಹೊತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಈ ಕಣಜ ಸುಮಾರು ಒಂದು ದಿನದಲ್ಲಿ ಬರಿದಾಗುತ್ತದೆ. ಆಮೇಲೆ ದೇಹವು ಕೊಬ್ಬನ್ನೂ ಸ್ನಾಯುವನ್ನೂ ಕರಗಿಸತೊಡಗುತ್ತದೆ. ಸಕ್ಕರೆ ಇಳಿದಾಗ ಅಡ್ರಿನಾಲಿನ್ ಎಂಬ ರಸ ಸ್ರವಿಸಿ ಯಕೃತ್ತನ್ನು ಎಚ್ಚರಿಸುತ್ತದೆ. ನಡುಕ, ಬೆವರು, ಎದೆಬಡಿತಗಳು ಅದೇ ರಸದ ಪರಿಣಾಮ. ಆರೋಗ್ಯವಂತನು ಒಂದು ಹೊತ್ತು ಊಟ ಬಿಟ್ಟರೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವ ಮಧುಮೇಹಿಗೆ ಅದೇ ನಡುಕವು ಮಂಪರಿಗೂ ಪ್ರಜ್ಞಾಹೀನತೆಗೂ ಮುನ್ಸೂಚನೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತು ಲಕ್ಷಾಂತರ ಜೀವಗಳು ಉಳಿದವು. ಜೊತೆಗೆ ಔಷಧ ತೆಗೆದುಕೊಂಡು ಊಟ ತಪ್ಪಿಸುವ ಅಪಾಯವೂ ಹೊಸದಾಗಿ ಬಂದಿತು. ಪ್ರಾಚೀನ ಶ್ರಾವಕಾಚಾರಗಳ ಕಾಲಕ್ಕೆ ಈ ಸಮಸ್ಯೆ ಇರಲಿಲ್ಲ.

ಆದುದರಿಂದ ರಾತ್ರಿಭೋಜನ ತ್ಯಾಗ, ಏಕಾಶನ, ದಶಲಕ್ಷಣ ಪರ್ವದ ಉಪವಾಸಗಳನ್ನು ಕೈಗೊಳ್ಳುವ ಮಧುಮೇಹಿಗಳು ವ್ರತ ಹಿಡಿಯುವ ಮುನ್ನವೇ ವೈದ್ಯರೊಡನೆ ಮಾತನಾಡಿ ಔಷಧದ ವೇಳೆಯನ್ನೂ ಪ್ರಮಾಣವನ್ನೂ ಹೊಂದಿಸಿಕೊಳ್ಳಬೇಕು. ಸೂರ್ಯಾಸ್ತಕ್ಕೆ ಮುಂಚೆ ಉಂಡು ಹಳೆಯ ಪ್ರಮಾಣದಲ್ಲೇ ಔಷಧ ಸೇವಿಸಿದವರು ನಡುರಾತ್ರಿಯಲ್ಲಿ ಬೆವರಿ ನಡುಗಿದರೆ, ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕೆಂಬುದು ವೈದ್ಯರ ಸಾಮಾನ್ಯ ಸೂಚನೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದರಿಂದ ವ್ರತಭಂಗವಾಯಿತೆಂದು ಮನೆಯ ಹಿರಿಯರು ನೊಂದುಕೊಳ್ಳಬಾರದು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಲ್ಲಿ ಶಾಸ್ತ್ರವು ‘ಶಕ್ತಿತಃ’, ಎಂದರೆ ಶಕ್ತಿಯನ್ನು ಅನುಸರಿಸಿ, ಎಂಬ ವಿಶೇಷಣವನ್ನು ಸೇರಿಸಿದೆ. ಇರುವ ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಇಲ್ಲದ ಶಕ್ತಿಯನ್ನು ಪ್ರದರ್ಶಿಸಹೋಗುವುದೂ ಹಾಗೆಯೇ. ಬಾಲಕರೂ ಗರ್ಭಿಣಿಯರೂ ವೃದ್ಧರೂ ನೆರೆಮನೆಯವರ ಉಪವಾಸದ ದಿನಗಳನ್ನು ಎಣಿಸಿ ತಮ್ಮದನ್ನು ಗೊತ್ತುಮಾಡಿಕೊಳ್ಳಲಾಗದು.

ತನ್ನ ಹಸಿವನ್ನು ಸಹಿಸುವುದು ತಪಸ್ಸಾದರೆ, ಪರರನ್ನು ಹಸಿವಿನಲ್ಲಿ ನಿಲ್ಲಿಸುವುದು ಏನು? ಶಾಸ್ತ್ರದ ಉತ್ತರ ಸ್ಪಷ್ಟ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನ ನಿರೋಧ. ಕೊನೆಯದನ್ನು ಸಮಂತಭದ್ರರು ಆಹಾರವಾರಣವೆಂದು ಕರೆದಿದ್ದಾರೆ. ಹಸಿವಿನ ಬೇಗೆಯನ್ನು ತಮ್ಮ ದೇಹದಲ್ಲಿಯೇ ಕಂಡರೆಂದು ಪರಂಪರೆ ಹೇಳುವ ಆಚಾರ್ಯರೇ, ಅಧೀನರಿಗೆ ಹೊತ್ತಿಗೆ ಅನ್ನ ನೀರು ತಪ್ಪಿಸುವುದನ್ನು ಹಿಂಸೆಯ ಪಟ್ಟಿಯಲ್ಲಿ ಸೇರಿಸಿದರು. ಗಾಡಿ ಎಳೆಯುವ ಎತ್ತಿಗೆ ಅನ್ವಯಿಸುವ ಈ ನಿಯಮ ಶೇಂಗಾ ಮೂಟೆ ಹೊರುವ ಹಮಾಲರಿಗೂ, ಎಣ್ಣೆ ಗಿರಣಿಯ ಆಳುಗಳಿಗೂ, ಅಂಗಡಿಯ ಗುಮಾಸ್ತರಿಗೂ ಅನ್ವಯಿಸುತ್ತದೆ. ಲೋಡು ಮುಗಿಯುವ ತನಕ ಊಟಕ್ಕೆ ಬಿಡದಿರುವುದು ವ್ಯಾಪಾರದ ಶಿಸ್ತಲ್ಲ, ವ್ರತದ ಅತಿಚಾರ.

ಬಸದಿಗಳ ಟ್ರಸ್ಟುಗಳೂ ಇದನ್ನು ತಮಗೆ ಅನ್ವಯಿಸಿಕೊಳ್ಳಬೇಕಾಗಿದೆ. ಪಂಚಕಲ್ಯಾಣದ ದಿನ, ಪರ್ವದ ಪಾರಣೆಯ ದಿನ, ನಸುಕಿನಲ್ಲಿ ಒಲೆ ಹೊತ್ತಿಸಿದ ಅಡುಗೆಯವರೂ ಎಲೆ ಎತ್ತುವ ಹೆಂಗಸರೂ ಚಪ್ಪರದ ಕೂಲಿಗಳೂ ಕೊನೆಯ ಪಂಕ್ತಿ ಏಳುವವರೆಗೆ ಕಾಯುತ್ತಾರೆ. ಅದು ಎಷ್ಟೋ ವೇಳೆ ಮಧ್ಯಾಹ್ನ ಮೂರಕ್ಕೂ ಮೀರುತ್ತದೆ. ಉಪವಾಸಿಗಳಿಗೆ ಭಕ್ತಿಯ ಬಲವಿರುತ್ತದೆ, ಪುಣ್ಯದ ನಂಬಿಕೆಯಿರುತ್ತದೆ. ಇವರ ಹಸಿವಿಗೆ ಅವೆರಡೂ ಇಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಮಂಗಳಾರತಿಗೆ ವೇಳೆ ಬರೆಯುವಂತೆ ಕೆಲಸದವರ ಊಟಕ್ಕೂ ಒಂದು ವೇಳೆಯನ್ನು ಬರೆದು, ಅದನ್ನು ಮೀರದಂತೆ ನೋಡಿಕೊಳ್ಳುವುದು ದೊಡ್ಡ ಖರ್ಚಿನ ಮಾತಲ್ಲ. ಶ್ರೇಯಾಂಸನ ಅರಮನೆಯಲ್ಲಿ ರತ್ನಗಳಿಗೆ ಕೊರತೆಯಿರಲಿಲ್ಲ. ಎದುರಿಗೆ ನಿಂತವರಿಗೆ ಆ ಹೊತ್ತಿಗೆ ಬೇಕಾದುದೇನೆಂಬುದನ್ನು ಆತನು ಅರಿತನು. ಆಹಾರದಾನದ ಮೊದಲ ಲಕ್ಷಣ ಆ ಅರಿವೇ ಆಗಿದೆ.