ಆಳದ ಭ್ರಮೆ: ಎರಡು ಆಯಾಮದ ಆಟಗಳಲ್ಲಿ

ಚಪ್ಪಟೆ ಪರದೆಯ ಮೇಲೆ ದೂರ, ಎತ್ತರ, ಆಳ ಇದ್ದಂತೆ ತೋರಿಸುವ ಕೈಚಳಕ. ಸವದತ್ತಿಯಿಂದ ನವಿಲುತೀರ್ಥಕ್ಕೆ ಹೊರಟ ಬಸ್ಸಿನ ಕಿಟಕಿಯಲ್ಲಿ ಇದರ ಒಂದು ಮೂಲಸೂತ್ರ ಕಾಣಸಿಗುತ್ತದೆ: ರಸ್ತೆ ಬದಿಯ ಜಾಲಿಗಿಡ ಸರ್ರನೆ ಹಿಂದಕ್ಕೋಡುತ್ತದೆ, ಹೊಲದಾಚೆಯ ಮರ ನಿಧಾನ ಸರಿಯುತ್ತದೆ, ಮಲಪ್ರಭೆ ಸೀಳಿಕೊಂಡು ಹರಿಯುವ ಗುಡ್ಡ ಮಾತ್ರ ಕದಲಿದಂತೆಯೇ ಕಾಣುವುದಿಲ್ಲ. ಈ ವೇಗದ ಹೆಚ್ಚುಕಡಿಮೆಯನ್ನೇ ಕಣ್ಣು ದೂರವೆಂದು ಓದಿಕೊಳ್ಳುತ್ತದೆ.

ಕನ್ನಡದಲ್ಲಿ ಆಡುವುದೂ ಆಟ, ಆಡಿ ತೋರಿಸುವುದೂ ಆಟ. ಹಾಗಾಗಿ ಈ ಚರಿತ್ರೆಯನ್ನು ತೊಗಲುಗೊಂಬೆಯಾಟದಿಂದ ಶುರುಮಾಡಿದರೆ ತಪ್ಪಿಲ್ಲ. ಗೊಂಬೆಯನ್ನು ಬಿಳಿ ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪಾಗಿ ಮೂಡುತ್ತದೆ. ದೀಪದ ಕಡೆಗೆ ಎಳೆದುಕೊಂಡರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಆದರೆ ಗೊಂಬೆಯ ಅಳತೆ ಹೇಳುವುದು ದೂರವನ್ನಲ್ಲ, ಅಂತಸ್ತನ್ನು. ರಾಜನದು ದೊಡ್ಡ ತೊಗಲು, ಸೇವಕನದು ಸಣ್ಣದು; ಇಬ್ಬರೂ ಒತ್ತಿಗೇ ನಿಂತರೂ ಸೇವಕ ಸಣ್ಣವನೇ. ಈ ಕಲೆಗಾಗಿ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ದೂರವಿದ್ದದ್ದು ಸಣ್ಣದು ಎಂಬ ಲೆಕ್ಕ ಕಂಪನಿ ನಾಟಕದ ಪರದೆಗಳಲ್ಲಿ ಬಂತು. ಸವದತ್ತಿ ತಾಲೂಕಿನವರೇ ಆದ ಏಣಗಿ ಬಾಳಪ್ಪನವರು (1914–2017) ಬಾಳಿ ಬೆಳೆದ ರಂಗಭೂಮಿ ಅದು. ದರ್ಬಾರಿನ ಕಂಬಸಾಲು ಹಿಂದಕ್ಕೆ ಹೋದಂತೆ ಕಿರಿದಾಗುತ್ತದೆ. ಆದರೆ ನಟ ಪರದೆಗೆ ತೀರ ಹತ್ತಿರ ಹೋಗುವಂತಿಲ್ಲ. ಹೋದರೆ ಕೊನೆಯ ಕಂಬ ಅವನ ಸೊಂಟಕ್ಕೆ ಬಂದು ಅರಮನೆಯ ಗುಟ್ಟು ರಟ್ಟಾಗುತ್ತದೆ.

ವಿಡಿಯೋ ಗೇಮ್‌ಗಳಿಗೂ ಮೊದಲು ಸಿಕ್ಕಿದ್ದು ಇದೇ ಲೆಕ್ಕ. ಅಟಾರಿಯ 'ನೈಟ್ ಡ್ರೈವರ್'ನಲ್ಲಿ (1976) ರಸ್ತೆಯೇ ಇಲ್ಲ: ಕತ್ತಲಲ್ಲಿ ಎರಡು ಸಾಲು ಬಿಳಿ ಗೂಟಗಳು ಹತ್ತಿರ ಬಂದಷ್ಟೂ ದೊಡ್ಡದಾಗುತ್ತವೆ, ಅಷ್ಟೇ. ಆಟಗಾರನ ಕಾರು ಪರದೆಗೆ ಹೊಂದಿಸಿಟ್ಟ ಪ್ಲಾಸ್ಟಿಕ್ ಚಿತ್ರ. ಬಸ್ಸಿನ ಕಿಟಕಿಯ ಸೂತ್ರಕ್ಕೆ ಹೆಸರಾದದ್ದು ಐರೆಮ್ ಕಂಪನಿಯ 'ಮೂನ್ ಪಟ್ರೋಲ್' (1982). ನೆಲ ಬೇಗ, ಹಿಂದಿನ ಬೆಟ್ಟ ತಡ. ಪದರ ಪದರವಾಗಿ ಸರಿಯುವ ಈ ಹಿನ್ನೆಲೆ ಇಂದಿನ ಮೊಬೈಲ್ ಆಟಗಳಲ್ಲೂ ಉಳಿದಿದೆ.

ಅದೇ ವರ್ಷ ಸೆಗಾ ತಂದ 'ಝಾಕ್ಸನ್' ಬೇರೆ ದಾರಿ ಹಿಡಿಯಿತು. ಇಲ್ಲಿ ಲೋಕವನ್ನು ಓರೆಯಾಗಿ, ಮೇಲಿನಿಂದ ನೋಡಬೇಕು. ಸಮಾನಾಂತರ ಗೆರೆಗಳು ಎಲ್ಲಿಯೂ ಕೂಡುವುದಿಲ್ಲ, ದೂರದ ಗೋಡೆಯೂ ಹತ್ತಿರದ ಗೋಡೆಯಷ್ಟೇ ದೊಡ್ಡದು. ಇದರಿಂದ ಹೊಸ ತೊಡಕು ಹುಟ್ಟಿತು: ವಿಮಾನ ಮೇಲೆ ಹಾರುತ್ತಿದೆಯೋ, ಪಕ್ಕಕ್ಕೆ ಸರಿದಿದೆಯೋ ತಿಳಿಯದು. ಅದಕ್ಕೇ ನೆಲದ ಮೇಲೆ ಅದರ ನೆರಳನ್ನೂ ಬದಿಯಲ್ಲಿ ಎತ್ತರದ ಮಾಪಕವನ್ನೂ ಇಟ್ಟರು. ಮಾಪಕಕ್ಕಿಂತ ನೆರಳೇ ಜಾಣ ಉಪಾಯ. ನೆಗೆದ ಪಾತ್ರದ ಕೆಳಗೆ ಕಪ್ಪು ಚುಕ್ಕೆ ಇಡುವ ರೂಢಿ ಇಂದಿಗೂ ಹೋಗಿಲ್ಲ.

ಯು ಸುಜುಕಿಯವರ 'ಔಟ್ ರನ್' (1986) ಚಪ್ಪಟೆ ಮರಗಳನ್ನೇ ಕ್ಷಣಕ್ಷಣಕ್ಕೂ ಹಿಗ್ಗಿಸಿ ವೇಗ ತಂದಿತು. ನಿಂಟೆಂಡೋದ 'ಎಫ್-ಝೀರೋ' (1990) ನೆಲದ ನಕ್ಷೆಯೊಂದನ್ನು ಗೆರೆಗೆರೆಗೂ ಬೇರೆ ಅಳತೆಯಲ್ಲಿ ಎಳೆದು ಜಮಖಾನದಂತೆ ಕ್ಷಿತಿಜದವರೆಗೆ ಹಾಸಿತು. ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾಗುವ ಹೊತ್ತಿಗೆ ನಿಜವಾದ ಮೂರು ಆಯಾಮದ ಆಟಗಳು ಬಂದಾಗಿತ್ತು.

ಚಪ್ಪಟೆ ಆಟಕ್ಕೂ ನಿಜವಾದ ಮೂರು ಆಯಾಮದ ಆಟಕ್ಕೂ ನಡುವಿನದು 'ಡೂಮ್' (1993). ಅದರ ನಕ್ಷೆ ಚಪ್ಪಟೆ; ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಕಟ್ಟಲಾಗದು. ಎರಗಿ ಬರುವ ರಾಕ್ಷಸರು ಬೇರೆ ಬೇರೆ ದಿಕ್ಕಿನಿಂದ ಕಂಡಂತೆ ಸಿದ್ಧಮಾಡಿಟ್ಟ ಚಿತ್ರಗಳು. ಸತ್ತ ಮೇಲಂತೂ ಒಂದೇ ಚಿತ್ರ: ಹೆಣದ ಸುತ್ತ ಎಷ್ಟು ಸುತ್ತು ಹಾಕಿದರೂ ಅದು ತೊಗಲುಗೊಂಬೆಯ ಹಾಗೆ ಒಂದೇ ಮಗ್ಗುಲನ್ನು ತೋರಿಸಿಕೊಂಡು ಬಿದ್ದಿರುತ್ತದೆ.