ಸುಳ್ಳು ಹಿಡಿಯುವ ಕಣ್ಣು, ನಂಬದ ಕಾನೂನು

'ಮುಖ ನೋಡಿದರೆ ಸಾಕು, ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾಗುತ್ತದೆ' ಎನ್ನುವ ಪೊಲೀಸ್ ಅಧಿಕಾರಿಯನ್ನು ಪತ್ತೇದಾರಿ ಕಾದಂಬರಿಗಳಲ್ಲೂ ಸಿನಿಮಾಗಳಲ್ಲೂ ಮತ್ತೆ ಮತ್ತೆ ಕಾಣುತ್ತೇವೆ. ಆದರೆ ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಭಾರತದ ಕಾನೂನು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಪುರಾವೆಯಾಗಿ ಒಪ್ಪಿಲ್ಲ. ಈ ಅಪನಂಬಿಕೆ ಹುಟ್ಟಿದ್ದು ಹೇಗೆ?

1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆಯ ದೂರುಗಳನ್ನು ವಿಚಾರಿಸಿದ ಆಯೋಗವೊಂದು ತನ್ನ ವರದಿ ಕೊಟ್ಟಿತು. ಇಂದಿನ ಬಳ್ಳಾರಿ, ದಕ್ಷಿಣ ಕನ್ನಡದ ಸೀಮೆಗಳೂ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯಲಿಕ್ಕೂ ಹಿಂಸೆ ಬಳಕೆಯಲ್ಲಿದ್ದದ್ದನ್ನು ವರದಿ ದಾಖಲಿಸಿತು. ಬೆರಳುಗಳನ್ನು ಹಿಸುಕುವ 'ಕಿಟ್ಟಿ' ಎಂಬ ಮರದ ಸಾಧನ, ದೇಹವನ್ನು ಬಗ್ಗಿಸಿ ಕಟ್ಟಿಹಾಕುವ ಕ್ರಮ ಅದರಲ್ಲಿವೆ. ಪೊಲೀಸರಿಗೆ ಮಾಡಿದ ತಪ್ಪೊಪ್ಪಿಗೆ ಪುರಾವೆಯಲ್ಲ ಎಂಬ ನಿಯಮ 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬಂತು. ಮುಂದೆ ಅದು 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 25ನೆಯ ಕಲಮಾಯಿತು.

ಆ ನಿಯಮದ ಗುರಿ ಹಿಂಸೆಯನ್ನು ತಡೆಯುವುದು, ಸುಳ್ಳು ಹಿಡಿಯುವ ಕೌಶಲವನ್ನು ಅಳೆಯುವುದಲ್ಲ. ಆದರೂ ಎರಡಕ್ಕೂ ನಂಟಿದೆ. ಎದುರಿಗಿರುವವನು ಸುಳ್ಳುಗಾರನೆಂದು ಒಮ್ಮೆ ನಿಶ್ಚಯಿಸಿಕೊಂಡ ಅಧಿಕಾರಿಗೆ ಅವನ 'ಇಲ್ಲ' ಎಂಬ ಉತ್ತರವೂ ಇನ್ನೊಂದು ಸುಳ್ಳಾಗಿಯೇ ಕೇಳಿಸುತ್ತದೆ. ಆಮೇಲೆ ವಿಚಾರಣೆ ನಿಲ್ಲುವುದು 'ಹೌದು' ಎಂದಾಗ ಮಾತ್ರ.

ಹಾಗಾದರೆ ಆ ನಿಶ್ಚಯ ಎಷ್ಟು ಗಟ್ಟಿ? 1991ರಲ್ಲಿ ಪಾಲ್ ಎಕ್ಮನ್ ಮತ್ತು ಮೌರೀನ್ ಓ'ಸಲಿವನ್ ಅಮೆರಿಕದಲ್ಲಿ ಪೊಲೀಸರು, ನ್ಯಾಯಾಧೀಶರು, ಮನೋವೈದ್ಯರು, ವಿದ್ಯಾರ್ಥಿಗಳು ಮೊದಲಾದವರಿಗೆ ವಿಡಿಯೋ ತೋರಿಸಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಕೇಳಿದರು. ಕುರುಡು ಊಹೆಗಿಂತ ಸ್ಪಷ್ಟವಾಗಿ ಮೇಲಿದ್ದದ್ದು ಸೀಕ್ರೆಟ್ ಸರ್ವಿಸ್‌ನ ಗುಂಪೊಂದೇ. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಸರಾಸರಿ ಶೇ. 54. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ. ವೃತ್ತಿಪರರು ಉಳಿದವರಿಗಿಂತ ಮೇಲೇನೂ ಇರಲಿಲ್ಲ.

ಇದಕ್ಕಿಂತ ಕಳವಳ ಹುಟ್ಟಿಸುವುದು 2005ರಲ್ಲಿ ಸಾಲ್ ಕ್ಯಾಸಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಕೈದಿಗಳು ತಾವು ನಿಜವಾಗಿ ಮಾಡಿದ ಅಪರಾಧವನ್ನೂ ಮಾಡದ ಅಪರಾಧವನ್ನೂ ಒಪ್ಪಿಕೊಳ್ಳುವುದನ್ನು ಅವರು ದಾಖಲಿಸಿ, ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಒಡ್ಡಿದರು. ಹೆಚ್ಚು ಸರಿಯಾಗಿ ಗುರುತಿಸಿದವರು ವಿದ್ಯಾರ್ಥಿಗಳು; ತಮ್ಮ ತೀರ್ಪಿನ ಬಗ್ಗೆ ಹೆಚ್ಚು ಭರವಸೆ ಇದ್ದದ್ದು ಪೊಲೀಸರಿಗೆ. ದೃಷ್ಟಿ ತಪ್ಪಿದಾಗೆಲ್ಲ ಪೊಲೀಸರು ವಾಲುತ್ತಿದ್ದದ್ದು ಸುಳ್ಳು ತಪ್ಪೊಪ್ಪಿಗೆಯನ್ನು ನಿಜವೆಂದು ನಂಬುವ ಕಡೆಗೆ.

ಕಣ್ಣು ಸೋತರೆ ಯಂತ್ರವಿದೆಯಲ್ಲ ಎನ್ನಬಹುದು. ಸುಳ್ಳುಪತ್ತೆ ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು. ನಿರಪರಾಧಿಯ ಭಯಕ್ಕೂ ಇವೆಲ್ಲ ಏರುತ್ತವೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ಹೆಸರಾಗಿದ್ದ ಕಾಲದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 2010ರ ಮೇ 5ರಂದು ಕೋರ್ಟು ತೀರ್ಪಿತ್ತಿತು: ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಹಳೆಯ ನಿಯಮವನ್ನು ಉಳಿಸಿಕೊಂಡಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಪುರಾವೆಯಾಗಬಹುದೆಂಬ ಹಳೆಯ ವಿನಾಯಿತಿಯೂ ಉಳಿದಿದೆ. ಒತ್ತಡ ಮತ್ತೆ ಒಳನುಸುಳುವ ಕಿಂಡಿ ಅದೇ. ಠಾಣೆಯಲ್ಲಿ ತೊದಲುವವನು, ಕಣ್ಣು ತಪ್ಪಿಸುವವನು ಬರೀ ಹೆದರಿದವನಾಗಿರಬಹುದು. ಅವನಿಗೆ ಆಸರೆ ಅಧಿಕಾರಿಯ ತೀಕ್ಷ್ಣ ದೃಷ್ಟಿಯಲ್ಲ, ಆ ದೃಷ್ಟಿಯನ್ನು ಅನುಮಾನಿಸುವ ಈ ಕಲಮು.